ಹಳೆ ಸಿನಿಮಾ, ಹೊಸ ಟಿವಿ: ಚಿತ್ರ ಮಸುಕಾಗದಂತೆ, ನಡುವೆ ನಿಲ್ಲದಂತೆ ನೋಡಲು ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಅಪ್ಪಾಜಿ ಹುಟ್ಟಿ ಬೆಳೆದಿದ್ದು ಚಿತ್ರದುರ್ಗದಲ್ಲಿ, ಕೋಟೆ ಕಾಣುವ ಓಣಿಯಲ್ಲಿ. ಈಗ ನಮ್ಮ ಜೊತೆ ದಾವಣಗೆರೆಯಲ್ಲಿದ್ದಾರೆ. ಮನೆಗೆ ದೊಡ್ಡ ಟಿವಿ ಬಂದ ದಿನ ಅವರು ಮೊದಲು ಕೇಳಿದ್ದು 1972ರ ‘ನಾಗರಹಾವು’. ಪುಟ್ಟಣ್ಣ ಕಣಗಾಲರು ಅದನ್ನು ಅವರ ಕೋಟೆಯಲ್ಲೇ ಚಿತ್ರೀಕರಿಸಿದ್ದು ಅಲ್ವಾ. ಓಬವ್ವನ ದೃಶ್ಯ ಬಂತು. ಜಯಂತಿ ಒನಕೆ ಎತ್ತುವ ಹೊತ್ತಿಗೆ ಚಿತ್ರ ನಿಂತು, ನಡುವೆ ಚಕ್ರ ಸುತ್ತತೊಡಗಿತು. ಮತ್ತೆ ಶುರುವಾದಾಗ ಬಂಡೆಗಳೆಲ್ಲ ಮುದ್ದೆ ಮುದ್ದೆಯಾಗಿ ಕಂಡವು. ‘ಇದು ನಮ್ಮ ಕೋಟೆ ಕಲ್ಲಲ್ಲ ಕಣವ್ವಾ’ ಎಂದು ಅಪ್ಪಾಜಿ ಎದ್ದು ಹೋದರು.

ಆ ಮಾತು ನನಗೆ ನಾಟಿತು. ಆಮೇಲೆ ಮೂರು ತಿಂಗಳು ಒಂದೊಂದೇ ತೊಂದರೆ ಹಿಡಿದು ಸರಿಮಾಡಿದೆ. ಟಿವಿ ಬದಲಿಸಲಿಲ್ಲ, ನೆಟ್ ಪ್ಲಾನ್ ಜಾಸ್ತಿ ಮಾಡಿಸಲಿಲ್ಲ. ದುಡ್ಡು ಹೋಗಿದ್ದು ಒಂದು ಕೇಬಲ್ಲಿಗೆ ಮತ್ತು ಒಂದು ಚಿಕ್ಕ ಯುಪಿಎಸ್‌ಗೆ ಮಾತ್ರ. ಉಳಿದದ್ದೆಲ್ಲ ರಿಮೋಟ್ ಹಿಡಿದು ಕೂತು ಮಾಡುವ ಕೆಲಸ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ತಪ್ಪು ಎಲ್ಲಿದೆ ಎಂದು ಹುಡುಕಿ

ಚಿತ್ರ ಕೆಡುವುದು ನಾಲ್ಕು ಕಡೆ. ಸಿನಿಮಾದ ಪ್ರತಿಯೇ ಕೆಟ್ಟಿರಬಹುದು. ನೆಟ್ ಲೈನ್ ಸರಿಯಿಲ್ಲದಿರಬಹುದು. ಟಿವಿಗೆ ಚುಚ್ಚಿರುವ ಸ್ಟಿಕ್ ಅಥವಾ ಬಾಕ್ಸ್ ಸೋತಿರಬಹುದು. ಇಲ್ಲವೇ ಟಿವಿಯ ಸೆಟ್ಟಿಂಗ್ ಚಿತ್ರವನ್ನು ಹಾಳು ಮಾಡುತ್ತಿರಬಹುದು. ಯಾವುದೆಂದು ತಿಳಿಯದೆ ಖರ್ಚು ಮಾಡಬೇಡಿ.

ಪರೀಕ್ಷೆ ಸುಲಭ. ಅದೇ ಆ್ಯಪ್‌ನಲ್ಲಿ ಇತ್ತೀಚಿನ ಒಂದು ಹೊಸ ಸಿನಿಮಾ ಹತ್ತು ನಿಮಿಷ ಹಾಕಿ. ಅದು ತಿಳಿಯಾಗಿ, ನಿಲ್ಲದೆ ಓಡಿದರೆ ಲೈನ್ ಚೆನ್ನಾಗಿದೆ, ಡಬ್ಬಿ ಚೆನ್ನಾಗಿದೆ. ಹಾಗಿದ್ದರೆ ತಪ್ಪು ಹಳೆ ಸಿನಿಮಾದ ಪ್ರತಿಯಲ್ಲಿ ಅಥವಾ ಟಿವಿ ಸೆಟ್ಟಿಂಗ್‌ನಲ್ಲಿ. ಹೊಸದೂ ತಡವರಿಸಿದರೆ ಲೈನ್ ಅಥವಾ ಡಬ್ಬಿ ನೋಡಬೇಕು.

ಲಕ್ಷಣಗಳೂ ಹೇಳುತ್ತವೆ. ಚಕ್ರ ಸುತ್ತಿದರೆ ಲೈನ್. ಚಿತ್ರ ಆಗಾಗ ತಿಳಿಯಾಗಿ, ಆಗಾಗ ಚೌಕ ಚೌಕವಾಗಿ ಒಡೆದರೂ ಲೈನೇ, ಏಕೆಂದರೆ ನೆಟ್ ಇಳಿದಾಗ ಆ್ಯಪ್ ತಾನಾಗಿಯೇ ಕಡಿಮೆ ಗುಣಮಟ್ಟಕ್ಕೆ ಇಳಿಯುತ್ತದೆ. ಶುರುವಿಂದ ಕೊನೆವರೆಗೆ ಒಂದೇ ಸಮ ಮಸುಕಾಗಿದ್ದರೆ ಪ್ರತಿ. ಯಾರಾದರೂ ಓಡಿದಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಬಂದರೂ ಪ್ರತಿಯದೇ ತಪ್ಪು. ಮುಖಗಳು ಮೇಣ ಸವರಿದಂತಿದ್ದರೆ, ನಟನೆ ಧಾರಾವಾಹಿಯ ಹಾಗೆ ನುಣುಪಾಗಿ ಜಾರಿದರೆ, ಅದು ಟಿವಿಯ ಕೆಲಸ.

ಎರಡನೇ ಹೆಜ್ಜೆ: ಒಳ್ಳೆ ಪ್ರತಿ ಆರಿಸಿ

ನನ್ನ ಅನುಭವದಲ್ಲಿ ಅರ್ಧ ತೊಂದರೆ ಇಲ್ಲೇ ಇರುತ್ತದೆ.

ಹಳೆ ಸಿನಿಮಾಗಳನ್ನು ತೆಗೆದದ್ದು 35 ಮಿ.ಮೀ. ಫಿಲ್ಮಿನಲ್ಲಿ. ಅದರಲ್ಲಿ ಕಲ್ಲಿನ ಬಿರುಕು, ಸೀರೆಯ ಅಂಚು ಎಲ್ಲ ಸ್ಪಷ್ಟವಾಗಿ ಇರುತ್ತದೆ. ಆದರೆ ನಮ್ಮ ಟಿವಿಗೆ ಬರುವುದು ಆ ಫಿಲ್ಮ್ ಅಲ್ಲ. ಎಷ್ಟೋ ಸಿನಿಮಾಗಳು ಫಿಲ್ಮಿನಿಂದ ಟೇಪಿಗೆ, ಟೇಪಿನಿಂದ ವಿಸಿಡಿಗೆ, ಅಲ್ಲಿಂದ ನೆಟ್‌ಗೆ ಹೋಗಿವೆ. ನಮ್ಮ ದೇಶದ ವಿಸಿಡಿಯಲ್ಲಿ ಒಂದು ಚಿತ್ರಕ್ಕೆ 352 ಅಡ್ಡ, 288 ಉದ್ದ ಚುಕ್ಕಿಗಳು. ಅಂದರೆ ಸುಮಾರು 1 ಲಕ್ಷ. ಫುಲ್ ಎಚ್‌ಡಿ ಟಿವಿಯಲ್ಲಿ 1920 ಅಡ್ಡ, 1080 ಉದ್ದ, ಸುಮಾರು 20 ಲಕ್ಷ. ಟಿವಿ ಒಂದು ಚುಕ್ಕಿಯಿಂದ ಇಪ್ಪತ್ತು ಚುಕ್ಕಿ ಮಾಡಬೇಕು. ಬಂಡೆ ಮುದ್ದೆಯಾಗುವುದು ಹೀಗೆ. ಡಿವಿಡಿಯಿಂದ ಬಂದ ಪ್ರತಿಯಾದರೆ 4 ಲಕ್ಷಕ್ಕೂ ಜಾಸ್ತಿ ಚುಕ್ಕಿ ಇರುತ್ತವೆ. ಅದು ಎಷ್ಟೋ ವಾಸಿ.

ಹಾಗಾಗಿ ಒಂದೇ ಸಿನಿಮಾ ಎರಡು ಮೂರು ಕಡೆ ಸಿಕ್ಕರೆ ಒಂದೇ ದೃಶ್ಯ ಹಾಕಿ ಹೋಲಿಸಿ. ಅಧಿಕೃತವಾಗಿ ಹಾಕಿದ್ದನ್ನೇ ನೋಡಿ. ನಾನು ಗಮನಿಸುವುದು ಇಷ್ಟು. ಮೂಲೆಯಲ್ಲಿ ಯಾವುದೋ ವಾಹಿನಿಯ ಗುರುತಿದ್ದರೆ ಅದು ಟಿವಿ ಪ್ರಸಾರದ ಪ್ರತಿ. ಶುರುವಿನಲ್ಲಿ ಸೆನ್ಸಾರ್ ಪ್ರಮಾಣಪತ್ರ, ಆಮೇಲೆ ಹೆಸರುಗಳು ಪೂರ್ತಿ ಬಂದರೆ ಕತ್ತರಿಸದ ಪ್ರತಿ ಇರಬಹುದು. ಹಾಡುಗಳೇ ಹಾರಿಹೋಗಿರುವ ಪ್ರತಿಗಳೂ ಇವೆ, ಅವಧಿ ಹೋಲಿಸಿದರೆ ಗೊತ್ತಾಗುತ್ತದೆ.

ಅವಧಿ ವಿಷಯದಲ್ಲಿ ಒಂದು ಎಚ್ಚರ. ಫಿಲ್ಮ್ ಓಡುವುದು ಸೆಕೆಂಡಿಗೆ 24 ಚಿತ್ರ. ನಮ್ಮ ಹಳೆ ಟಿವಿ ಪದ್ಧತಿಗೆ ಬೇಕಾಗಿದ್ದು 25. ಆದ್ದರಿಂದ ಟೇಪಿಗೆ ಹಾಕುವಾಗ ಸಿನಿಮಾವನ್ನೇ ಸ್ವಲ್ಪ ಬೇಗ ಓಡಿಸುವ ರೂಢಿ ಇತ್ತು. 150 ನಿಮಿಷದ ಸಿನಿಮಾ ಹೀಗೆ 144 ನಿಮಿಷಕ್ಕೆ ಮುಗಿಯುತ್ತದೆ, ಒಂದು ದೃಶ್ಯವೂ ಹೋಗಿರುವುದಿಲ್ಲ. ಆದರೆ ದನಿ ಸ್ವಲ್ಪ ಮೇಲೇರುತ್ತದೆ. ಪಿ.ಬಿ. ಶ್ರೀನಿವಾಸ್ ದನಿ ಎಂದಿಗಿಂತ ಸಣ್ಣದಾಗಿ ಕೇಳಿದರೆ ನಿಮ್ಮ ಕಿವಿ ಸರಿಯಾಗೇ ಇದೆ. ಪ್ರತಿ ಬೇಗ ಓಡುತ್ತಿದೆ.

‘4ಕೆ’ (ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕಿಗಳ ಚಿತ್ರ) ಎಂದು ಹೆಸರಿನಲ್ಲಿ ಬರೆದಿದ್ದಕ್ಕೆ ಸುಮ್ನೆ ಮರುಳಾಗಬೇಡಿ. ಫಿಲ್ಮನ್ನೇ ಮತ್ತೆ ಸ್ಕ್ಯಾನ್ ಮಾಡಿದ್ದರೆ ಅದು ನಿಜವಾದ 4ಕೆ. ಹಳೆ ಡಿವಿಡಿಯನ್ನು ಕಂಪ್ಯೂಟರ್‌ನಲ್ಲಿ ಹಿಗ್ಗಿಸಿದ್ದರೆ ಅಲ್ಲ. ಹಿಗ್ಗಿಸಿದ್ದನ್ನು ಹಿಂದಿನ ಸಾಲಿನ ಮುಖಗಳಲ್ಲಿ ಗುರುತಿಸಬಹುದು. ಮುಂದಿರುವ ನಾಯಕನ ಮುಖ ನುಣ್ಣಗೆ ಇರುತ್ತದೆ, ಹಿಂದೆ ನಿಂತ ಜನರ ಕಣ್ಣು ಬಾಯಿ ಕಲಸಿಹೋಗಿರುತ್ತವೆ.

ಹೊಸದಾಗಿ ಸರಿಪಡಿಸಿದ ಪ್ರತಿ ಬಂದಿದ್ದರೆ ಅದನ್ನೇ ಹುಡುಕಿ ನೋಡುವುದು ಒಳ್ಳೆಯದು. ‘ನಾಗರಹಾವು’ 2018ರಲ್ಲಿ ಡಿಜಿಟಲ್ ಆಗಿ ಮತ್ತೆ ಥಿಯೇಟರಿಗೆ ಬಂತು. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಮೂಲ ನೆಗೆಟಿವ್‌ನಿಂದ 4ಕೆಯಲ್ಲಿ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. 1977ರ ಕಪ್ಪು ಬಿಳುಪು ಸಿನಿಮಾಕ್ಕೆ ಇಂಥ ಆರೈಕೆ ಸಿಕ್ಕಿದ್ದು ನನಗೆ ಬಹಳ ಸಂತೋಷ ಕೊಟ್ಟ ಸುದ್ದಿ. ಬಣ್ಣ ಹಚ್ಚುವುದು ಬೇರೆ ಕೆಲಸ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ಮತ್ತೆ ಬಂದವು. ಜನ ಖುಷಿಯಿಂದ ನೋಡಿದರು. ಆದರೂ ಎರಡೂ ಸಿಕ್ಕರೆ ನಾನು ಕಪ್ಪು ಬಿಳುಪನ್ನೇ ಹಾಕುತ್ತೇನೆ. ಕ್ಯಾಮೆರಾ ಹಿಡಿದವರು ಬೆಳಕು ಜೋಡಿಸಿದ್ದು ಕಪ್ಪು ಬಿಳುಪಿಗಾಗಿ.

ಮೂರನೇ ಹೆಜ್ಜೆ: ಲೈನ್ ಅಳೆಯಿರಿ, ಟಿವಿಯ ಪಕ್ಕದಲ್ಲೇ ಅಳೆಯಿರಿ

ನೆಟ್ ವೇಗದ ಅಳತೆ ಎಂಬಿಪಿಎಸ್; 720ಪಿ, 1080ಪಿ ಅಂದರೆ ಚಿತ್ರದಲ್ಲಿ ಮೇಲಿಂದ ಕೆಳಗೆ ಅಷ್ಟು ಸಾಲು ಚುಕ್ಕಿ. ನೆಟ್‌ಫ್ಲಿಕ್ಸ್ ಹೇಳುವ ಲೆಕ್ಕ ಹೀಗಿದೆ: 720ಪಿಗೆ 3 ಎಂಬಿಪಿಎಸ್, 1080ಪಿಗೆ 5, 4ಕೆಗೆ 15. ಊರಲ್ಲಿ ಈಗ ಫೈಬರ್ ಪ್ಲಾನ್ ಅಂದರೆ 30, 50, 100 ಎಂಬಿಪಿಎಸ್. ಹಾಗಾದರೆ ಚಕ್ರ ಏಕೆ ಸುತ್ತುತ್ತದೆ? ಬಾಗಿಲವರೆಗೆ ಬಂದ ನೆಟ್ ಟಿವಿಯವರೆಗೆ ಬರುತ್ತಿಲ್ಲ, ಅಷ್ಟೇ.

ರೂಟರ್ ಪಕ್ಕ ನಿಂತು ಫೋನಿನಲ್ಲಿ ಸ್ಪೀಡ್ ಟೆಸ್ಟ್ ಆ್ಯಪ್ ಹಾಕಿ ವೇಗ ನೋಡಿ. ಆಮೇಲೆ ಟಿವಿಯ ಹಿಂದೆ ಫೋನ್ ಹಿಡಿದು ಮತ್ತೆ ನೋಡಿ. ನಮ್ಮ ಮನೆಯಲ್ಲಿ ರೂಟರ್ ಬಳಿ 48, ಟಿವಿ ಹಿಂದೆ 4. ಕೇಬಲ್ ಹುಡುಗ ಅನುಕೂಲಕ್ಕೆಂದು ರೂಟರನ್ನು ಮುಂಬಾಗಿಲ ಮೇಲೆ ಮೊಳೆ ಹೊಡೆದು ಕೂರಿಸಿದ್ದ. ಟಿವಿ ಇರುವುದು ನಡುಮನೆಯಲ್ಲಿ. ನಡುವೆ ಹಳೆಯ ದಪ್ಪ ಗೋಡೆ, ಅದಕ್ಕೆ ಒರಗಿದ ಕಬ್ಬಿಣದ ಬೀರು.

ಇದಕ್ಕೆ ಖಾತ್ರಿಯ ಮದ್ದು ಲ್ಯಾನ್ ಕೇಬಲ್. ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಕೇಳಿ ತನ್ನಿ. ಉದ್ದವನ್ನು ದಾರ ಹಿಡಿದು ಅಳೆದು, ಎರಡು ಮೀಟರ್ ಜಾಸ್ತಿ ತನ್ನಿ. ಬಾಗಿಲ ಚೌಕಟ್ಟಿನ ಅಂಚಿಗೆ ಕ್ಲಿಪ್ ಹೊಡೆದು ಎಳೆದರೆ ಕಾಣುವುದೂ ಇಲ್ಲ. ಬಹಳ ಟಿವಿಗಳ ಲ್ಯಾನ್ ಕಿಂಡಿ 100 ಎಂಬಿಪಿಎಸ್‌ಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಸಿನಿಮಾಕ್ಕೆ ಅದು ಧಾರಾಳ.

ಕೇಬಲ್ ಎಳೆಯಲು ಆಗದಿದ್ದರೆ ವೈಫೈಯನ್ನೇ ಸುಧಾರಿಸಿ. ರೂಟರ್ ಕೆಳಗಿಳಿಸಿ, ನಡುಮನೆಯ ಬಾಗಿಲಿಗೆ ನೇರವಾಗಿ ಇಡಿ. ಬೀರು, ಫ್ರಿಜ್, ಮೀನಿನ ತೊಟ್ಟಿ, ದೊಡ್ಡ ಕನ್ನಡಿ ಅಡ್ಡ ಬಾರದಿರಲಿ. ರೂಟರ್‌ನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇದ್ದರೆ ಒಂದೇ ಕೋಣೆಯಲ್ಲಿ 5 ಹಿಡಿಯಿರಿ, ವೇಗ ಜಾಸ್ತಿ. ಗೋಡೆ ದಾಟಬೇಕಾದರೆ 2.4 ವಾಸಿ. ನಮ್ಮೂರಿನ ವಿದ್ಯಾನಗರ, ನಿಟುವಳ್ಳಿಯಂಥ ಕಡೆ ಮನೆಗೆ ಮನೆ ಅಂಟಿಕೊಂಡಿರುತ್ತದೆ, ಎಲ್ಲರ ವೈಫೈ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತದೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಫೋನಿನಲ್ಲಿ ವೈಫೈ ಅನಲೈಸರ್ ಹಾಕಿ, ಯಾವುದರಲ್ಲಿ ಜನ ಕಡಿಮೆಯೋ ಅದಕ್ಕೆ ರೂಟರ್‌ನ ಸೆಟ್ಟಿಂಗ್‌ನಲ್ಲಿ ಬದಲಿಸಿ.

ರಾತ್ರಿ ಮಾತ್ರ ಸುತ್ತುತ್ತದೆಯಾ? ಮೂರು ದಿನ ಬೆಳಗ್ಗೆ 7ಕ್ಕೆ, ರಾತ್ರಿ 9ಕ್ಕೆ ಅಳೆದು ಬರೆದಿಡಿ. ಅಳೆಯುವಾಗ ಕೇಬಲ್ ಹಾಕಿ, ಇಲ್ಲವೇ ರೂಟರ್ ಪಕ್ಕದಲ್ಲೇ ನಿಲ್ಲಿ, ಆಗ ವೈಫೈ ಮೇಲೆ ತಪ್ಪು ಹೊರಿಸಲು ಆಗುವುದಿಲ್ಲ. ‘ನೆಟ್ ಸ್ಲೋ’ ಎಂದು ನಾನು ನಾಲ್ಕು ಸಲ ಫೋನ್ ಮಾಡಿದಾಗ ನಮ್ಮ ನೆಟ್‌ನವರು ರೀಸ್ಟಾರ್ಟ್ ಮಾಡಿ ಎಂದಷ್ಟೇ ಹೇಳಿದರು. ಐದನೇ ಸಲ ಅಂಕಿಗಳ ಫೋಟೊ ಕಳಿಸಿದೆ. ಮರುದಿನ ಜನ ಬಂದು ಕಂಬದ ಮೇಲಿನ ಜೋಡಣೆ ಬದಲಿಸಿದರು.

ನೆಟ್‌ನವರ ಫೈಬರ್ ಬಾಕ್ಸ್‌ನಲ್ಲಿ ‘ಲಾಸ್’ (LOS) ಎಂಬ ಕೆಂಪು ದೀಪ ಹತ್ತಿದ್ದರೆ ರೀಸ್ಟಾರ್ಟ್ ಮಾಡುತ್ತ ಕೂರಬೇಡಿ. ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ ಎಂದು ಅರ್ಥ. ಎಲ್ಲೋ ತುಂಡಾಗಿದೆ ಅಥವಾ ಮಡಚಿದೆ. ಫೋನ್ ಮಾಡಿ.

ಕರೆಂಟ್ ವಿಷಯವೂ ಇಲ್ಲೇ ಬರುತ್ತದೆ. ಇನ್ವರ್ಟರ್ ಇದ್ದರೂ ಕರೆಂಟ್ ಹೋಗಿ ಅದು ಹತ್ತುವ ಚಿಕ್ಕ ಗಳಿಗೆಯಲ್ಲಿ ರೂಟರ್ ಆರಿಬಿಡಬಹುದು. ಮತ್ತೆ ನೆಟ್ ಬರಲು ಎರಡು ಮೂರು ನಿಮಿಷ ಬೇಕು. ಅಷ್ಟರಲ್ಲಿ ಅಪ್ಪಾಜಿ ಎದ್ದಿರುತ್ತಾರೆ. ರೂಟರ್‌ಗೆಂದೇ ಮಾಡಿದ ಚಿಕ್ಕ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುಂಚೆ ರೂಟರ್ ಅಡಾಪ್ಟರ್ ಮೇಲಿನ ಬರಹ ಓದಿ: 12 ವೋಲ್ಟ್ ಇದ್ದರೆ 12 ವೋಲ್ಟಿನದೇ ಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು. ಫೈಬರ್ ಬಾಕ್ಸ್ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಕರೆಂಟ್ ಬೇಕು ಎಂಬುದು ನೆನಪಿರಲಿ.

ನಾಲ್ಕನೇ ಹೆಜ್ಜೆ: ಸ್ಟಿಕ್, ಬಾಕ್ಸ್, ಆ್ಯಪ್

ಸ್ಟಿಕ್‌ಗೆ ಟಿವಿಯ ಯುಎಸ್‌ಬಿಯಿಂದ ಕರೆಂಟ್ ಕೊಡಬೇಡಿ. ಜೊತೆಗೆ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್‌ಗೆ ಹಾಕಿ. ಯುಎಸ್‌ಬಿಯ ಕರೆಂಟ್ ಸಾಲದೆ ಸ್ಟಿಕ್ ನಡುವೆ ತಾನೇ ರೀಸ್ಟಾರ್ಟ್ ಆಗುತ್ತಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಟಿವಿ ಹಿಂದೆ ಬಿಸಿಗಾಳಿಯಲ್ಲಿ ಸ್ಟಿಕ್ ಕಾದರೆ ನಿಧಾನವಾಗುತ್ತದೆ. ಜೊತೆಗೆ ಕೊಡುವ ಗಿಡ್ಡ ಎಚ್‌ಡಿಎಂಐ ತಂತಿ ಹಾಕಿ ಸ್ವಲ್ಪ ಹೊರಗೆ ತೂಗುಬಿಡಿ.

ವಾರಕ್ಕೊಮ್ಮೆ ಪೂರ್ತಿ ಆರಿಸಿ ಹಚ್ಚಿ. ಬಳಸದ ಆ್ಯಪ್ ತೆಗೆಯಿರಿ. ನೆಟ್ ಉಳಿಸಲು ಚಿತ್ರದ ಗುಣಮಟ್ಟ ಇಳಿಸುವ ‘ಡೇಟಾ ಸೇವರ್’ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಹತ್ತಿದೆಯಾ ನೋಡಿ. ಎಷ್ಟೋ ಮನೆಯಲ್ಲಿ ಅದೊಂದೇ ತೊಂದರೆ.

ಕಡಿಮೆ ಬೆಲೆಯ ಆಂಡ್ರಾಯ್ಡ್ ಬಾಕ್ಸ್‌ಗಳಲ್ಲಿ ಇನ್ನೊಂದು ಕೊರತೆ ಇರುತ್ತದೆ. ಒಟಿಟಿ ಆ್ಯಪ್‌ಗಳು ಎಚ್‌ಡಿ ಕೊಡುವ ಮುಂಚೆ ನಕಲು ತಡೆಯುವ ‘ವೈಡ್‌ವೈನ್ ಎಲ್1’ ಎಂಬ ರಕ್ಷಣೆ ಡಬ್ಬಿಯಲ್ಲಿ ಇದೆಯಾ ಎಂದು ನೋಡುತ್ತವೆ. ‘ಎಲ್3’ ಮಾತ್ರ ಇದ್ದರೆ ಸಾಮಾನ್ಯವಾಗಿ 480ಪಿಗೆ ನಿಲ್ಲಿಸುತ್ತವೆ. ನೆಟ್ 100 ಇದ್ದರೂ ಚಿತ್ರ ಮಸುಕೇ. ‘ಡಿಆರ್‌ಎಂ ಇನ್ಫೋ’ ಆ್ಯಪ್ ಹಾಕಿ ನೋಡಿದರೆ ಯಾವುದಿದೆ ಎಂದು ತಿಳಿಯುತ್ತದೆ. ಎಲ್3 ಇದ್ದರೆ ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ, ಬೇರೆ ಡಬ್ಬಿಯೇ ಬೇಕು.

ಯೂಟ್ಯೂಬ್‌ನಲ್ಲಿ ಗೇರ್ ಗುರುತು ಒತ್ತಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಹಚ್ಚಿ. ಈಗ ಎಷ್ಟು ಚುಕ್ಕಿಗಳ ಚಿತ್ರ ಬರುತ್ತಿದೆ, ಮುಂದಿನ ಎಷ್ಟು ಸೆಕೆಂಡಿನ ಚಿತ್ರ ತುಂಬಿಟ್ಟುಕೊಂಡಿದೆ ಎಂಬುದು ಅಲ್ಲೇ ಕಾಣುತ್ತದೆ. ತುಂಬಿಟ್ಟದ್ದು ಸೊನ್ನೆಗೆ ಇಳಿಯುತ್ತಿದ್ದರೆ ಮೂರನೇ ಹೆಜ್ಜೆಗೆ ವಾಪಸ್ ಹೋಗಿ.

ಐದನೇ ಹೆಜ್ಜೆ: ಟಿವಿಯ ‘ಸಹಾಯ’ಗಳನ್ನು ಆಫ್ ಮಾಡಿ

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಹೆಜ್ಜೆ. ದುಡ್ಡೇ ಬೇಡ, ಫಲ ಮಾತ್ರ ತಕ್ಷಣ ಕಾಣುತ್ತದೆ.

ಅಂಗಡಿಯ ಬೆಳಕಿನಲ್ಲಿ ಕಣ್ಣು ಸೆಳೆಯಲೆಂದು ಟಿವಿಯಲ್ಲಿ ‘ವಿವಿಡ್’ ಅಥವಾ ‘ಡೈನಾಮಿಕ್’ ಮೋಡ್ ಇರುತ್ತದೆ. ಮನೆಯಲ್ಲಿ ಅದು ಬೇಡ. ‘ಸಿನಿಮಾ’ ಅಥವಾ ‘ಮೂವಿ’ ಮೋಡ್ ಹಾಕಿ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಇನ್ನೂ ಒಳ್ಳೆಯದು. ಅದು ಮುಂದೆ ಹೇಳುವ ಬಹಳಷ್ಟನ್ನು ತಾನೇ ಆಫ್ ಮಾಡುತ್ತದೆ. ಮೊದಲ ಹತ್ತು ನಿಮಿಷ ಚಿತ್ರ ಹಳದಿ, ಮಂಕು ಅನಿಸುತ್ತದೆ. ಕಣ್ಣು ಒಗ್ಗುವವರೆಗೆ ತಾಳಿ.

ಮುಂದೆ ಚಲನೆ. ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಸಿನಿಮಾದಲ್ಲಿ ಇರುವುದು 24. ನಡುವಿನ ಜಾಗಕ್ಕೆ ಟಿವಿ ತಾನೇ ಚಿತ್ರ ಹುಟ್ಟಿಸಿ ತುಂಬುತ್ತದೆ. ಆಗ ಸಿನಿಮಾ ಧಾರಾವಾಹಿಯ ಹಾಗೆ ಆಗುತ್ತದೆ. ಸೋನಿಯಲ್ಲಿ ಇದರ ಹೆಸರು ‘ಮೋಷನ್‌ಫ್ಲೋ’, ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸ್ಯಾಮ್‌ಸಂಗ್‌ನಲ್ಲಿ ‘ಆಟೋ ಮೋಷನ್ ಪ್ಲಸ್’ ಅಥವಾ ‘ಪಿಕ್ಚರ್ ಕ್ಲಾರಿಟಿ’. ಆಫ್ ಮಾಡಿ. ಆಫ್ ಮಾಡಿದ ಮೇಲೆ ಕ್ಯಾಮೆರಾ ಅಡ್ಡ ತಿರುಗುವಾಗ ಸ್ವಲ್ಪ ಕುಲುಕಿದಂತೆ ಕಂಡರೆ, 24ನ್ನು 60ಕ್ಕೆ ಹೊಂದಿಸಲು ಒಂದು ಚಿತ್ರ ಎರಡು ಸಲ, ಮುಂದಿನದು ಮೂರು ಸಲ ತೋರಿಸುತ್ತಿದೆ ಎಂದರ್ಥ. ಸ್ಟಿಕ್‌ನಲ್ಲಿ ‘ಮ್ಯಾಚ್ ಫ್ರೇಮ್ ರೇಟ್’ ಆಯ್ಕೆ ಇದ್ದರೆ ಹಚ್ಚಿ. ಆ್ಯಪ್ ಒಪ್ಪಿದರೆ ಕುಲುಕಾಟವೂ ಹೋಗುತ್ತದೆ.

‘ನಾಯ್ಸ್ ರಿಡಕ್ಷನ್’ ಹಳೆ ಸಿನಿಮಾದ ದೊಡ್ಡ ಶತ್ರು. ಫಿಲ್ಮಿನಲ್ಲಿ ಸಣ್ಣ ಕಾಳು ಕಾಳಾಗಿ ಆಡುವುದು ದೋಷವಲ್ಲ, ಚಿತ್ರವೇ ಆ ಕಾಳುಗಳಿಂದ ಆಗಿರುವುದು. ಟಿವಿ ಅದನ್ನು ಕೊಳೆ ಎಂದುಕೊಂಡು ಒರೆಸುತ್ತದೆ. ಜೊತೆಗೆ ಚರ್ಮದ ಸುಕ್ಕು, ಬಂಡೆಯ ಒರಟು ಎಲ್ಲ ಹೋಗುತ್ತದೆ. ಒಳ್ಳೆ ಪ್ರತಿಯಾದರೆ ಪೂರ್ತಿ ಆಫ್ ಮಾಡಿ. ವಿಸಿಡಿ ಕಾಲದ ಕೆಟ್ಟ ಪ್ರತಿಯಾದರೆ ಚೌಕಗಳು ಕಣ್ಣಿಗೆ ಚುಚ್ಚದಂತೆ ‘ಲೋ’ನಲ್ಲಿ ಇಡಬಹುದು, ಅಲ್ಲಿಗೆ ಸಾಕು.

‘ಶಾರ್ಪ್‌ನೆಸ್’ ಇಳಿಸಿ. ಮುಖದ ಅಂಚಿನಲ್ಲಿ, ಅಕ್ಷರಗಳ ಸುತ್ತ ಬಿಳಿ ಗೆರೆ ಮಾಯವಾಗುವವರೆಗೆ ಇಳಿಸುತ್ತ ಹೋಗಿ, ಅಲ್ಲಿ ನಿಲ್ಲಿಸಿ. ಕೆಲವು ಟಿವಿಯಲ್ಲಿ ಸೊನ್ನೆಗೆ ಇಳಿಸಿದರೆ ಮಸುಕಾಗುತ್ತದೆ. ಅಂಕಿ ನೋಡಬೇಡಿ, ಗೆರೆ ನೋಡಿ.

ಎರಡೂ ಪಕ್ಕ ಕಪ್ಪು ಪಟ್ಟಿ ಬಂದರೆ ಹಾಗೇ ಇರಲಿ. ಹಳೆಯ ಬಹಳ ಸಿನಿಮಾಗಳ ಆಕಾರ ಹತ್ತಿರ ಹತ್ತಿರ 4:3, ಅಂದರೆ ಅಗಲ 4 ಪಾಲಾದರೆ ಎತ್ತರ 3. ಟಿವಿ 16:9. ಅಗಲಿಸಿದರೆ ರಾಜಕುಮಾರ್ ದಪ್ಪಗಾಗುತ್ತಾರೆ, ಝೂಮ್ ಮಾಡಿದರೆ ತಲೆ ಕತ್ತರಿಸುತ್ತದೆ, ನರ್ತನದಲ್ಲಿ ಪಾದವೇ ಕಾಣುವುದಿಲ್ಲ. ಚಿತ್ರದ ಅಳತೆಯನ್ನು ‘ಒರಿಜಿನಲ್’ ಅಥವಾ ‘ಜಸ್ಟ್ ಸ್ಕ್ಯಾನ್’ಗೆ ಇಡಿ. ಕನ್ನಡದ ಮೊದಲ ಸಿನಿಮಾಸ್ಕೋಪ್ (ಬಹಳ ಅಗಲ ಪರದೆಯ) ಚಿತ್ರ ‘ಸೊಸೆ ತಂದ ಸೌಭಾಗ್ಯ’ ಬಂದಿದ್ದು 1977ರಲ್ಲಿ. ಅಂಥ ಸಿನಿಮಾದಲ್ಲಿ ಪಟ್ಟಿ ಮೇಲೆ ಕೆಳಗೆ ಬರಬೇಕು. ಸ್ಕೋಪ್ ಸಿನಿಮಾ ಪಟ್ಟಿಯೇ ಇಲ್ಲದೆ ಟಿವಿ ತುಂಬಿದರೆ ಪಕ್ಕದವರನ್ನು ಯಾರೋ ಕತ್ತರಿಸಿದ್ದಾರೆ ಎಂದು ತಿಳಿಯಿರಿ.

ಬಣ್ಣ ಕೆಂಪಾಗಿ, ಗುಲಾಬಿಯಾಗಿ ವಾಲಿದ್ದರೆ ಟಿವಿಯನ್ನು ದೂರಬೇಡಿ. ಆ ಕಾಲದ ಈಸ್ಟ್‌ಮನ್‌ಕಲರ್ ಪ್ರಿಂಟ್‌ಗಳಲ್ಲಿ ನೀಲಿ, ಹಸಿರು ಬೇಗ ಮಾಸುತ್ತಿತ್ತು, ಕೆಂಪು ಉಳಿಯುತ್ತಿತ್ತು. ಟಿವಿಯಲ್ಲಿ ಬಣ್ಣ ಸ್ವಲ್ಪ ಇಳಿಸಿದರೆ ಕಣ್ಣಿಗೆ ಹಿತ. ಹೋದ ಹಸಿರು ಮಾತ್ರ ವಾಪಸ್ ಬರುವುದಿಲ್ಲ. ಕಪ್ಪು ಬಿಳುಪು ಸಿನಿಮಾಕ್ಕೆ ಬಣ್ಣವನ್ನು ಪೂರ್ತಿ ಸೊನ್ನೆ ಮಾಡಿ. ಪ್ರತಿಯಲ್ಲಿ ಸೇರಿಕೊಂಡಿರುವ ನೀಲಿ, ಹಸಿರು ಛಾಯೆ ಹೋಗಿ ಶುದ್ಧ ಕಪ್ಪು ಬಿಳುಪು ಉಳಿಯುತ್ತದೆ.

ಇದನ್ನೆಲ್ಲ ಮಾಡುವಾಗ ಒಂದೇ ದೃಶ್ಯ ಇಟ್ಟುಕೊಳ್ಳಿ. ನಾನು ಇಟ್ಟುಕೊಂಡಿದ್ದು ಓಬವ್ವನ ದೃಶ್ಯವನ್ನೇ. ಬಿಸಿಲಿನ ಬಂಡೆ, ಕಿಂಡಿಯ ಕತ್ತಲು, ಜೋರು ಚಲನೆ ಮೂರೂ ಒಂದೇ ಕಡೆ ಸಿಗುತ್ತವೆ. ಇನ್ನೊಂದು ಮಾತು: ಎಚ್‌ಡಿಎಂಐ 1ಕ್ಕೆ ಮಾಡಿದ ಸೆಟ್ಟಿಂಗ್ ಟಿವಿಯ ಒಳಗಿನ ಆ್ಯಪ್‌ಗಳಿಗೆ ಬರದಿರಬಹುದು. ಎರಡೂ ಕಡೆ ನೋಡಿ. ‘ಎಕೊ’ ಅಥವಾ ವಿದ್ಯುತ್ ಉಳಿತಾಯದ ಆಯ್ಕೆ ಕತ್ತಲ ದೃಶ್ಯವನ್ನು ಇನ್ನಷ್ಟು ಮಂಕು ಮಾಡುತ್ತಿದ್ದರೆ ಸಿನಿಮಾ ಹೊತ್ತಿಗೆ ಆಫ್ ಮಾಡಿ.

ಆರನೇ ಹೆಜ್ಜೆ: ದನಿ

ಹಳೆ ಸಿನಿಮಾದ ದನಿ ಬಹಳಷ್ಟು ಮೊನೊ, ಒಂದೇ ದಾರಿಯದು. ‘ಸರೌಂಡ್’, ‘ಸ್ಟೇಡಿಯಂ’ ಎಲ್ಲ ಆಫ್ ಮಾಡಿ, ಇಲ್ಲದಿದ್ದರೆ ಮಾತು ಕೊಡದೊಳಗಿಂದ ಬಂದ ಹಾಗಿರುತ್ತದೆ. ‘ಸ್ಟ್ಯಾಂಡರ್ಡ್’ ಅಥವಾ ‘ಕ್ಲಿಯರ್ ವಾಯ್ಸ್’ ಇಡಿ. ತುಟಿಗೂ ಮಾತಿಗೂ ಹೊಂದದಿದ್ದರೆ ಬ್ಲೂಟೂತ್ ಸ್ಪೀಕರ್ ಬಿಟ್ಟು ತಂತಿ ಹಾಕಿ ನೋಡಿ.

ಏಳನೇ ಹೆಜ್ಜೆ: ನೋಡುವ ದಿನದ ತಯಾರಿ

ಮನೆಮಂದಿಯೆಲ್ಲ ಕೂರುವ ಭಾನುವಾರ ಪ್ರಯೋಗ ಬೇಡ. ಹಿಂದಿನ ದಿನವೇ ಸಿನಿಮಾ ಇನ್ನೂ ಅಲ್ಲಿದೆಯಾ ನೋಡಿ. ಹಕ್ಕಿನ ಅವಧಿ ಮುಗಿದರೆ ಹಳೆ ಸಿನಿಮಾಗಳು ಹೇಳದೆ ಕೇಳದೆ ಮಾಯವಾಗುತ್ತವೆ. ಯೂಟ್ಯೂಬ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡರೆ ಸಾಮಾನ್ಯವಾಗಿ ಶುರುಮಾಡಲು 30 ದಿನ, ಶುರುಮಾಡಿದ ಮೇಲೆ ಮುಗಿಸಲು 48 ಗಂಟೆ. ಫೋನಿಗೆ ಡೌನ್‌ಲೋಡ್ ಮಾಡಿಟ್ಟದ್ದು ಟಿವಿಗೆ ಹೋಗುತ್ತದೆಯಾ ಎಂದು ಮುಂಚೆಯೇ ಪರೀಕ್ಷಿಸಿ, ಎಷ್ಟೋ ಆ್ಯಪ್‌ಗಳು ಬಿಡುವುದಿಲ್ಲ.

ಮನೆಯಲ್ಲಿ ಹಳೆ ಡಿವಿಡಿಗಳಿದ್ದರೆ ದಯವಿಟ್ಟು ಎಸೆಯಬೇಡಿ. ಕೆಲವು ಸಿನಿಮಾಗಳಿಗೆ ನಮಗೆ ಸಿಗುವ ಅತ್ಯುತ್ತಮ ಪ್ರತಿ ಅದೇ. ನೆಟ್ ಬೇಡ, ಹಕ್ಕಿನ ಅವಧಿ ಮುಗಿಯುವ ಭಯವಿಲ್ಲ.

ಹೊತ್ತು ನೋಡಿ ಕಿಟಕಿ ಪರದೆ ಎಳೆಯಿರಿ. ಟಿವಿಗೆ ಎದುರಾಗಿ ಟ್ಯೂಬ್‌ಲೈಟ್ ಬೇಡ, ಹಿಂದೆ ಒಂದು ಚಿಕ್ಕ ದೀಪ ಸಾಕು. ಮಂಡಕ್ಕಿ, ಮೆಣಸಿನಕಾಯಿ ಮುಂಚೆಯೇ ತಂದಿಡಿ. ಸಿನಿಮಾ ಹಾಕಿ ಒಂದು ನಿಮಿಷ ಓಡಿಸಿ, ಚಿತ್ರ ತಿಳಿಯಾಗುವವರೆಗೆ ಕಾದು, ಮತ್ತೆ ಮೊದಲಿಂದ ಶುರುಮಾಡಿ.

ಎಲ್ಲ ಮುಗಿಸಿ ಅಪ್ಪಾಜಿಯನ್ನು ಮತ್ತೆ ಕೂರಿಸಿದ್ದು ಶಿವರಾತ್ರಿಯ ರಾತ್ರಿ. ಈ ಸಲ ಬೇರೊಂದು ಹಳೆ ಸಿನಿಮಾ, ಥಿಯೇಟರ್ ಪ್ರಿಂಟಿನಿಂದ ತೆಗೆದ ಪ್ರತಿ. ಗೆರೆಗಳಿದ್ದವು, ಕಾಳು ಆಡುತ್ತಿತ್ತು, ಪಕ್ಕದಲ್ಲಿ ಕಪ್ಪು ಪಟ್ಟಿ ಇತ್ತು. ಅರ್ಧ ಗಂಟೆಯೂ ಆಗಿರಲಿಲ್ಲ, ಚಿತ್ರದ ಬಲ ಮೇಲ್ಮೂಲೆಯಲ್ಲಿ ಒಂದು ದುಂಡು ಗುರುತು ಮಿಂಚಿ ಮರೆಯಾಯಿತು. ಥಿಯೇಟರಿನಲ್ಲಿ ಮುಂದಿನ ರೀಲಿಗೆ ಬದಲಿಸಲು ಪ್ರೊಜೆಕ್ಟರ್ ನಡೆಸುವವರಿಗೆ ಕೊಡುತ್ತಿದ್ದ ಸೂಚನೆ ಅದು. ಅಪ್ಪಾಜಿ ಮುಂದಕ್ಕೆ ಬಾಗಿ, ‘ನೋಡವ್ವಾ, ಈಗ ರೀಲು ಬದಲಾಗ್ತದೆ’ ಎಂದರು. ಎಂಟು ಸೆಕೆಂಡಿಗೆ ಬದಲಾಯಿತು.